ಲಗ್ನಪತ್ರಿಕೆ ಸಾಲದು, ನೋಂದಣಿಯೂ ಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಲಗ್ನ ಅಂದ್ರೆ ಊರಿಗೆ ಊರೇ ಸಾಕ್ಷಿ. ‘ಸಾವಿರ ಮಂದಿ ಉಂಡು ಹೋಗ್ಯಾರ, ಮತ್ತ್ಯಾಕ ಕಾಗದ?’ ಅನ್ನುವ ಹಿರಿಯರೇ ಹೆಚ್ಚು. ಆದರೆ ಗಂಡ ತೀರಿಹೋಗಿ ಹೊಲದ ತಕರಾರು ಬಂದಾಗ, ಇಲ್ಲವೇ ಆತ ಇನ್ನೊಂದು ಲಗ್ನವಾಗಿ ‘ಮೊದಲನೇದು ಆಗೇ ಇಲ್ಲ’ ಎಂದಾಗ, ಉಂಡವರಲ್ಲಿ ಎಷ್ಟು ಮಂದಿ ಕೋರ್ಟಿಗೆ ಬಂದಾರು?

ನೋಂದಣಿ ಇಲ್ಲವೆಂದ ಮಾತ್ರಕ್ಕೆ ಲಗ್ನ ಅಸಿಂಧುವಾಗುವುದಿಲ್ಲ, ನಿಜ. ಆದರೆ ರುಜುವಾತು ಮಾಡುವ ಹೊರೆ ಹೆಣ್ಣಿನ ತಲೆಗೇ ಬೀಳುತ್ತದೆ. ಎಲ್ಲ ಧರ್ಮದವರ ಮದುವೆಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಹಿಂದೂ ಪದ್ಧತಿಯ ಲಗ್ನಕ್ಕೆ ಮೊದಲೇ ಯಾರ ಪರವಾನಗಿಯೂ ಬೇಡ. ಅಕ್ಕಿಕಾಳು ಬಿದ್ದ ಮೇಲೆ ಲಗ್ನಪತ್ರಿಕೆ, ಜೋಡಿ ಫೋಟೊ, ವಯಸ್ಸು-ವಿಳಾಸದ ದಾಖಲೆ ಹಿಡಿದು, ಮೂವರು ಸಾಕ್ಷಿಗಳನ್ನು ಕರಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋದರಾಯ್ತು. (30 ದಿನ ಮೊದಲೇ ನೋಟಿಸು ಕೊಡಬೇಕಾದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು.) ವಯಸ್ಸಿನ ದಾಖಲೆ ಎಂದ ಕೂಡಲೇ ಹಿಂದೆ ಸರಿಯುವ ಮನೆಗಳಿವೆ. ಯಾಕಂತ ಬಿಡಿಸಿ ಹೇಳಬೇಕೇ? ಹುಡುಗಿಗೆ 18 ತುಂಬಿರೋದಿಲ್ಲ!

ತಾಯಂದಿರೇ, ಲಗ್ನವಾದ ವಾರದಲ್ಲೇ ಈ ಕೆಲಸ ಮುಗಿಸಿ. ತಡವಾದರೆ ಮಕ್ಕಳು ದುಡಿಯಲು ಗೋವೆಗೋ ಪುಣೆಗೋ ಹೋಗಿಬಿಟ್ಟಿರುತ್ತಾರೆ. ಯಾವ ಕಚೇರಿ, ಯಾವ ತಾರೀಖು, ಎಷ್ಟನೇ ನಂಬರು ಅನ್ನೋದನ್ನ ಬರೆದಿಡಿ. ಪತ್ರ ಕಳೆದರೆ ಅದೇ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಬಹುದು. ಸಿಂದಗಿಯಲ್ಲಿ ಬರೆಸಿದ್ದನ್ನು ಇಂಡಿಯಲ್ಲಿ ಹುಡುಕಿದರೆ ದಿನದ ಪಗಾರ ಹೋಯ್ತು. ಇನ್ನೊಂದು ಮಾತು, ಒಂದು ಪ್ರತಿ ತವರುಮನೆಯ ಟ್ರಂಕಿನಲ್ಲಿರಲಿ.