ತಂತಿಯೋ, ಟವರೋ, ಆಕಾಶವೋ?



ಮಾನಂತವಾಡಿಯಿಂದ ತಿರುನೆಲ್ಲಿಗೆ ಹೋಗುವ ದಾರಿಯ ಒಳಭಾಗದಲ್ಲಿ, ಕಾಫಿ ತೋಟವೊಂದರ ನಡುವೆ ನೆಲಸಿರುವ ಹಿರಿಯ ವಾಚಕರೊಬ್ಬರು ಈ ತಿಂಗಳು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮಗನೂ ಸೊಸೆಯೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವರು. ಅತ್ತೆಯವರು ಹಾಸಿಗೆ ಹಿಡಿದಿರುವುದರಿಂದ ಸೊಸೆಯು ಊರಿಗೆ ಬಂದು, ಮನೆಯಲ್ಲಿದ್ದುಕೊಂಡೇ ಕಂಪೆನಿಯ ಕೆಲಸವನ್ನು ನಡೆಸಲು ಮುಂದಾಗಿರುವಳು. ಕಂಪೆನಿಯವರೂ ಸಮ್ಮತಿಸಿರುವರು. ಸಮ್ಮತಿಸದೆ ಉಳಿದಿರುವುದು ಮನೆಯ ಇಂಟರ್‌ನೆಟ್ ಮಾತ್ರ!

"ಫೋನಿನಲ್ಲಿ ಎರಡು ಮಾತನಾಡಬೇಕಾದರೆ ಅಂಗಳದಾಚೆಯ ಹಲಸಿನ ಮರದ ಬುಡಕ್ಕೆ ಹೋಗಬೇಕಾಗಿದೆ" ಎಂದು ಅವರು ಬರೆಯುತ್ತಾರೆ. "ಆಕಾಶದಿಂದ ಇಂಟರ್‌ನೆಟ್ ತರುವ ಡಿಶ್ ಹಾಕಿಸೋಣ ಅಪ್ಪಾ ಎಂದು ಮಗನು ಹೇಳುತ್ತಾನೆ. ಮೂರು ಕಿಲೋಮೀಟರು ಕೇಬಲು ಎಳೆಯಬೇಕು, ನೋಡೋಣ ಎಂದು ಕೇಬಲಿನವರು ಹೇಳುತ್ತಾರೆ. ಸೊಸೆ ಇಲ್ಲಿ ನಿಲ್ಲುವುದೂ ಮರಳಿ ಹೋಗುವುದೂ ಇದರ ಮೇಲಿದೆ. ಯಾವುದಕ್ಕೆ ಹಣ ಹಾಕಲಿ? ದಯವಿಟ್ಟು ತಿಳಿಸಿರಿ."

ಇದೇ ಪ್ರಶ್ನೆಯನ್ನು ಕೇಳುವ ಮನೆಗಳು ಪುಲ್ಪಳ್ಳಿ, ಬಾವಲಿ, ತೋಲ್ಪೆಟ್ಟಿಗಳ ಕಡೆಯಲ್ಲಿ ಹಲವಾರಿವೆ. ಕಬಿನಿಯ ಆಚೆ ದಡದ ಬೈರಕುಪ್ಪೆಯಲ್ಲಿಯೂ ಇವೆ. ಗಡಿಯಲ್ಲಿರುವವರ ಫೋನು ಒಮ್ಮೆ ಕೇರಳದ ಟವರನ್ನು ಹಿಡಿದು, ಇನ್ನೊಮ್ಮೆ ಕರ್ನಾಟಕದ ಟವರನ್ನು ಹಿಡಿದು, ಬೇಕಾದ ಹೊತ್ತಿಗೆ ಎರಡನ್ನೂ ಬಿಟ್ಟುಬಿಡುವುದು ನಮಗೆಲ್ಲ ಅಭ್ಯಾಸವಾಗಿರುವ ಸಂಗತಿಯೇ. ಆದುದರಿಂದ ಅವರಿಗೆ ಬರೆಯಬೇಕಾದ ಉತ್ತರವನ್ನು ಈ ಅಂಕಣದಲ್ಲಿಯೇ ಬರೆಯುತ್ತಿರುವೆನು.

ಮೊದಲಿಗೆ ಒಂದು ಮಾತು. ಉಪಗ್ರಹವು ಹಳ್ಳಿಗೆ ಬಂದಿರುವುದು ಇಂದು ನಿನ್ನೆಯಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಮ್ಮ ಬಾಹ್ಯಾಕಾಶ ಸಂಸ್ಥೆಯು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ಕಳುಹಿಸಿತು. ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು ಆಗಲೇ ಆಕಾಶದಿಂದಿಳಿದ ಕನ್ನಡವನ್ನು ಕೇಳಿದವರು. ಕೇರಳದ ಶಾಲೆಗಳ ವಿಕ್ಟರ್ಸ್ ವಾಹಿನಿಯೂ 2004ರಲ್ಲಿ ಹಾರಿಸಲಾದ ಎಜುಸ್ಯಾಟ್ ಉಪಗ್ರಹವನ್ನು ಆಶ್ರಯಿಸಿ 2005ರಲ್ಲಿ ಆರಂಭವಾಯಿತು. ಆದರೆ ಅಂದಿನದು ಮೇಲಿನಿಂದ ಕೆಳಗೆ ಬರುವ ಮಾತು. ಇಂದು ನಮಗೆ ಬೇಕಾಗಿರುವುದು ಹೋಗಿಬರುವ ಮಾತು. ತೊಡಕು ಅಲ್ಲಿಯೇ ಇರುವುದು.

ನಮ್ಮ ಮುಂದಿರುವ ದಾರಿಗಳು ಮೂರು. ಒಂದೊಂದನ್ನೂ ಅದರ ಗುಣದೋಷಗಳೊಡನೆ ನೋಡೋಣ.

ಮೊದಲನೆಯದು ತಂತಿ, ಅಂದರೆ ಫೈಬರ್ ಕೇಬಲು. ಕೂದಲಿನಂತಹ ಗಾಜಿನ ಎಳೆಯೊಳಗೆ ಬೆಳಕು ಓಡುವುದು. ಹಳೆಯ ತಾಮ್ರದ ತಂತಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ವೇಗ ಕುಗ್ಗುತ್ತಿತ್ತು. ಗಾಜಿನ ಎಳೆಯಾದರೋ ಸುಮಾರು 20 ಕಿಲೋಮೀಟರಿನವರೆಗೂ ದಣಿಯದು. ಗಾಜಿನಲ್ಲಿ ವಿದ್ಯುತ್ ಹರಿಯದಿರುವುದರಿಂದ ಸಿಡಿಲಿನ ಭಯವೂ ಕಡಿಮೆ. ಮನೆಯೊಳಗಿನ ಪೆಟ್ಟಿಗೆಗೆ ಬೇಕಾಗುವುದು ಹತ್ತು-ಹದಿನೈದು ವಾಟ್ಸ್ ಮಾತ್ರ. ಸಣ್ಣ ಬ್ಯಾಟರಿಯೂ ಅದನ್ನು ಗಂಟೆಗಟ್ಟಲೆ ನಡೆಸುವುದು. ಬಿ.ಎಸ್.ಎನ್.ಎಲ್.ನವರೂ ಊರಿನ ಕೇಬಲ್ ಟಿ.ವಿ.ಯವರೂ ಇದನ್ನು ಕೊಡುತ್ತಿರುವರು. 2023ರ ಜೂನ್ 5ರಂದು ಉದ್ಘಾಟನೆಗೊಂಡ ಕೇರಳ ಸರಕಾರದ ಕೆ-ಫೋನ್ ಯೋಜನೆಯು 20 ಲಕ್ಷ ಬಡ ಕುಟುಂಬಗಳಿಗೆ ಉಚಿತವಾಗಿ ಇಂಟರ್‌ನೆಟ್ ಕೊಡುವ ಗುರಿಯನ್ನಿಟ್ಟುಕೊಂಡು ಹೊರಟಿತು; ಅದರ ಕೇಬಲು ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಹಾದುಬರುವುದು. ದೋಷವೇನೆಂದರೆ, ಕರ್ಕಾಟಕ ಮಾಸದ ಗಾಳಿಮಳೆಗೆ ಮರವೊಂದು ಉರುಳಿದರೆ ಅಥವಾ ಆನೆಯೊಂದು ಕಂಬವನ್ನು ಒರಗಿಸಿದರೆ ಮನೆಯ ದೀಪವೂ ಇಂಟರ್‌ನೆಟ್ಟೂ ಒಟ್ಟಿಗೆ ಆರಿಹೋಗುವುವು.

ಎರಡನೆಯದು ಟವರು. ಫೋನಿಗೆ ಬರುವ 4ಜಿ ಅಥವಾ 5ಜಿಯನ್ನೇ ಸಿಮ್ ಹಾಕುವ ರೌಟರಿನಲ್ಲಿ ಹಿಡಿದು ಮನೆಗೆಲ್ಲ ಹಂಚುವುದು. ಒಳಗೆ ಸಿಗ್ನಲ್ ಇಲ್ಲವೆಂದ ಮಾತ್ರಕ್ಕೆ ನಿರಾಶರಾಗಬೇಕಾಗಿಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನವನ್ನು ಕಾಣಲು ಬಿದಿರಿನ ಗಳುವಿನ ತುದಿಗೆ ಆಂಟೆನ ಕಟ್ಟಿ, ಹೊರಗೊಬ್ಬರು ತಿರುಗಿಸುತ್ತಿರಲು ಒಳಗಿನಿಂದ ಮಕ್ಕಳು "ಬಂತು, ಬಂತು, ಹೋಯಿತು!" ಎಂದು ಕೂಗುತ್ತಿದ್ದುದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಅದೇ ಉಪಾಯವು ಇಲ್ಲಿಯೂ ನಡೆಯುವುದು. ಹಲಸಿನ ಮರದ ಬುಡದಲ್ಲಿ ಸಿಗ್ನಲ್ ಇರುವುದಾದರೆ, ಆ ದಿಕ್ಕಿಗೆ ಮುಖಮಾಡಿದ ಹೊರಗಿನ ಆಂಟೆನವನ್ನು ಮಾಡಿನ ಮೇಲೆ ಎತ್ತರದಲ್ಲಿ ನಿಲ್ಲಿಸಿ ನೋಡಬೇಕು. ಇದರ ದೋಷವೆಂದರೆ, ಒಂದು ಟವರಿನ ಶಕ್ತಿಯನ್ನು ಊರೆಲ್ಲ ಹಂಚಿಕೊಳ್ಳುವುದರಿಂದ ಸಂಜೆ ಎಂಟು ಗಂಟೆಯ ಮೇಲೆ ವೇಗವು ಕುಸಿಯುವುದು.

ಮೂರನೆಯದು ಆಕಾಶ. ಇದರಲ್ಲಿ ಎರಡು ಬಗೆ. ಒಂದು, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ. 2018ರ ಡಿಸೆಂಬರಿನಲ್ಲಿ ಹಾರಿಸಲಾದ ನಮ್ಮ ಜಿಸ್ಯಾಟ್-11 ಇಂತಹದು. ಪ್ರಶ್ನೆ ಮೇಲೇರಿ ಕೆಳಗಿಳಿದು, ಉತ್ತರವೂ ಹಾಗೆಯೇ ಏರಿಳಿಯುವಾಗ ಒಟ್ಟು 1,44,000 ಕಿಲೋಮೀಟರಿನ ಪ್ರಯಾಣವಾಗುವುದು. ಬೆಳಕಿನ ವೇಗದಲ್ಲಿಯೂ ಇದಕ್ಕೆ ಅರ್ಧ ಸೆಕೆಂಡು ಹಿಡಿಯುವುದು. ಪತ್ರ ಕಳುಹಿಸಲು, ಬ್ಯಾಂಕಿನ ಕೆಲಸಕ್ಕೆ ಇದು ಸಾಕು. ಸಭೆಯಲ್ಲಿ ಮಾತನಾಡುವ ಸೊಸೆಗಾದರೋ ಇಬ್ಬರ ಮಾತು ಒಬ್ಬರ ಮೇಲೊಬ್ಬರದು ಬಿದ್ದು ಕಿರಿಕಿರಿಯಾಗುವುದು. ಇನ್ನೊಂದು, ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸಾಲುಸಾಲಾಗಿ ಓಡುವ ಸಾವಿರಾರು ಸಣ್ಣ ಉಪಗ್ರಹಗಳ ಬಳಗ. ಸ್ಟಾರ್‌ಲಿಂಕ್ ಈ ಬಗೆಯದು. ದೂರ ಕಡಿಮೆಯಾದುದರಿಂದ ವಿಳಂಬವು ಗಮನಕ್ಕೇ ಬಾರದು.

ಆದರೆ ನಮ್ಮ ತೋಟಗಳ ಸ್ಥಿತಿಯನ್ನು ಮರೆಯಬಾರದು. ಓಡುವ ಉಪಗ್ರಹಗಳನ್ನು ಒಂದಾದ ಮೇಲೊಂದರಂತೆ ಹಿಡಿಯಬೇಕಾದರೆ ಡಿಶ್ಶಿನ ಸುತ್ತ ವಿಶಾಲವಾದ ಬಯಲು ಆಕಾಶ ಕಾಣಬೇಕು. ಮನೆಯ ಸುತ್ತ ಕರಿಮೆಣಸು ಹಬ್ಬಿದ ಸಿಲ್ವರ್ ಓಕ್ ಮರಗಳು ಎತ್ತರಕ್ಕೆ ನಿಂತಿದ್ದರೆ, ಉಪಗ್ರಹವು ಮರದ ಮರೆಗೆ ಸರಿದಾಗಲೆಲ್ಲ ಸಂಪರ್ಕ ಕಡಿಯುವುದು. ನಿಂತ ಉಪಗ್ರಹವಾದರೆ ನಮಗದು ಬಹುತೇಕ ನೆತ್ತಿಯ ಮೇಲೆಯೇ, ತುಸು ದಕ್ಷಿಣಕ್ಕಿರುವುದು. ಅಷ್ಟು ತೆರಪು ಸಾಕು. ಬಿರುಮಳೆಯು ಎರಡು ಬಗೆಯ ಸಂಕೇತಗಳನ್ನೂ ಕುಗ್ಗಿಸುವುದು. ಓಡುವ ಉಪಗ್ರಹಗಳ ಡಿಶ್ಶು 50ರಿಂದ 100 ವಾಟ್ಸ್‌ನಷ್ಟು ವಿದ್ಯುತ್ತನ್ನೂ ಬೇಡುವುದು. ಇನ್ವರ್ಟರಿಲ್ಲದ ಮನೆಗೆ ಅದು ಹೊರೆಯೇ ಸರಿ.

ಹಣದ ವಿಷಯದಲ್ಲಿಯೂ ಎಚ್ಚರ ಬೇಕು. ಸ್ಟಾರ್‌ಲಿಂಕ್ ನಮ್ಮ ದೇಶದಲ್ಲಿ ಅನುಮತಿ ಪಡೆಯುವ ಮೊದಲೇ ಮುಂಗಡ ಸ್ವೀಕರಿಸಿದ್ದುದರಿಂದ, 2021ರ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಯಾರೂ ಸೇರಬೇಡಿರೆಂದು ಪ್ರಕಟಣೆ ಹೊರಡಿಸಿತು. ಬಳಿಕ ಕಂಪೆನಿಯು ಹಣವನ್ನು ಹಿಂತಿರುಗಿಸಿತು. ಅದಕ್ಕೆ ಅನುಮತಿಪತ್ರ ದೊರೆತುದು 2025ರ ಜೂನಿನಲ್ಲಿ. ಆದ್ದರಿಂದ ಸೇವೆಯು ತಮ್ಮ ಊರಿಗೆ ದೊರೆಯುವುದೆಂದು ಕಂಪೆನಿಯೇ ಅಧಿಕೃತವಾಗಿ ತಿಳಿಸುವ ಮೊದಲು ಯಾವ ಮಧ್ಯವರ್ತಿಗೂ ಹಣ ಕೊಡಕೂಡದು. ವಿದೇಶದಿಂದ ಬಂಧುಗಳು ತಂದುಕೊಡುವ ಡಿಶ್ಶನ್ನೂ ಹಾಕಿಸಬಾರದು.

ಹಾಗಾದರೆ ಆಯ್ಕೆ ಹೇಗೆ? "ಯಾವುದು ಅತಿ ವೇಗದ್ದು?" ಎಂದೇ ಹೆಚ್ಚಿನವರು ಕೇಳುವರು. ವಿಡಿಯೋ ಸಭೆಗೆ ಸೆಕೆಂಡಿಗೆ ಮೂರು-ನಾಲ್ಕು ಮೆಗಾಬಿಟ್ ಸ್ಥಿರವಾಗಿ ದೊರೆತರೆ ಸಾಕು. ಮೂರು ದಾರಿಗಳೂ ಸರಿಯಿದ್ದ ದಿನ ಅದನ್ನು ಕೊಡಬಲ್ಲವು. ಕೇಳಬೇಕಾದ ಪ್ರಶ್ನೆ ಬೇರೆ: ಕೆಟ್ಟ ದಿನ ಯಾವುದು ಉಳಿಯುವುದು? ಕೆಟ್ಟುದನ್ನು ಸರಿಪಡಿಸಲು ಯಾರು, ಎಷ್ಟು ದಿನಕ್ಕೆ ಬರುವರು?

2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಮಿಕ್ಕಿದ ಜೀವಗಳು ಹೋದುದನ್ನು ನಾವಾರೂ ಮರೆಯಲಾರೆವು. ಆ ದಿನಗಳಲ್ಲಿ ವಿದ್ಯುತ್ ಕಡಿದಿದ್ದಾಗ ಚೂರಲ್‌ಮಲದ ಬಿ.ಎಸ್.ಎನ್.ಎಲ್. ಟವರನ್ನು ಡೀಸೆಲ್ ಜನರೇಟರಿನಿಂದ ನಡೆಸಿ, ತರಾತುರಿಯಲ್ಲಿ 4ಜಿಯನ್ನೂ ಅಳವಡಿಸಲಾಯಿತು. ಮಣ್ಣಿನೊಳಗೆ ಸಿಲುಕಿದವರನ್ನು ಹುಡುಕುವವರಿಗೂ ಶಿಬಿರದಲ್ಲಿ ಮಕ್ಕಳ ಸುದ್ದಿಗಾಗಿ ಕಾಯುವವರಿಗೂ ಅದು ಆಸರೆಯಾಯಿತು. ಟವರು ಉಳಿದುದಕ್ಕೆ ಯಂತ್ರದಷ್ಟೇ, ಮಳೆಯಲ್ಲಿ ಡೀಸೆಲ್ ಹೊತ್ತು ಹೋದ ಮನುಷ್ಯರೂ ಕಾರಣ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಟವರಿನ ಬೆನ್ನ ಹಿಂದೆಯೂ ಅನೇಕ ಕಡೆ ಇರುವುದು ನೆಲದ ಫೈಬರ್ ಕೇಬಲೇ. ಘಟ್ಟದ ರಸ್ತೆ ಕುಸಿದು ಕೇಬಲು ತುಂಡಾದರೆ, ಮನೆಯ ತಂತಿಯೂ ಕೈಯಲ್ಲಿರುವ ಫೋನೂ ಒಂದೇ ಕ್ಷಣದಲ್ಲಿ ಮೂಕವಾಗಬಹುದು. ಹೆಸರು ಎರಡಾದರೂ ದಾರಿ ಒಂದೇ! ಒಂದೇ ಮರ ಬಿದ್ದರೆ ಎರಡೂ ಬಾಗಿಲುಗಳು ಮುಚ್ಚಿಹೋಗದಂತೆ ನೋಡಿಕೊಳ್ಳುವುದೇ ಜಾಣತನ. ಉಪಗ್ರಹದ ನಿಜವಾದ ಬೆಲೆ ಇರುವುದು ಇಲ್ಲಿ. ಅದಕ್ಕೆ ನಮ್ಮ ರಸ್ತೆಯ ಹಂಗಿಲ್ಲ, ಕಂಬದ ಹಂಗಿಲ್ಲ.

ಈಗ ಪತ್ರ ಬರೆದ ಹಿರಿಯರಿಗೆ ನಮ್ಮ ಸಲಹೆ. ಮೊದಲು ಒಂದು ವಾರ ಎಲ್ಲ ಕಂಪೆನಿಗಳ ಸಿಮ್‌ಗಳನ್ನು ಎರವಲು ತಂದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಾಡಿನ ಮೇಲೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಿರಿ. ಉತ್ತಮವಾದುದಕ್ಕೆ ಆಂಟೆನ ಹಾಕಿಸಿರಿ. ಸೊಸೆಯ ಕೆಲಸವು ಅದರಿಂದಲೇ ಆರಂಭವಾಗಬಹುದು. ಎರಡನೆಯದಾಗಿ, ಕೇಬಲಿನವರಲ್ಲಿ ಒಬ್ಬರೇ ಕೇಳಬೇಡಿರಿ. ಮೂರು ಕಿಲೋಮೀಟರಿನೊಳಗಿನ ಹತ್ತು ಮನೆಗಳವರು ಸೇರಿ ಸಹಿಹಾಕಿ ಕೇಳಿದರೆ ಅವರ ಲೆಕ್ಕಾಚಾರವೇ ಬದಲಾಗುವುದು. ಕಳೆದ ಮಳೆಗಾಲದಲ್ಲಿ ಕಡಿದ ಕೇಬಲು ಎಷ್ಟು ದಿನಕ್ಕೆ ಸರಿಯಾಯಿತೆಂದು ಅವರ ಹಳೆಯ ಗ್ರಾಹಕರಲ್ಲಿ ವಿಚಾರಿಸಿರಿ. ತಂತಿ ಬಂದ ಮೇಲೂ ಟವರಿನ ಸಿಮ್ಮನ್ನು ಬಿಡಬೇಡಿರಿ. ತಂತಿಯೂ ಬಾರದು, ಟವರೂ ಹಿಡಿಯದು ಎಂದು ಖಚಿತವಾದಲ್ಲಿ ಮಾತ್ರ ಡಿಶ್ಶಿನ ಮಾತು. ಅದೂ ಅಂಗಳದಲ್ಲಿ ನಿಂತು ಆಕಾಶವನ್ನು ನೋಡಿದ ಬಳಿಕ.

ಡಿಶ್ಶು ಒಂದು ಮನೆಗೆ ದುಬಾರಿಯಾದರೂ ಒಂದು ಶಾಲೆಗೆ, ಒಂದು ಆರೋಗ್ಯ ಕೇಂದ್ರಕ್ಕೆ, ಕಾಡಂಚಿನ ಒಂದು ಹಾಡಿಗೆ ದುಬಾರಿಯಲ್ಲ. 2011ರ ಜನಗಣತಿಯಂತೆ ವಯನಾಡಿನ ಜನರಲ್ಲಿ ಶೇಕಡಾ 18.5 ಮಂದಿ ಬುಡಕಟ್ಟಿನವರು. ನಮ್ಮ ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಕಾಟ್ಟುನಾಯ್ಕರೂ ಅವರಲ್ಲಿ ಸೇರಿರುವರು. 2020ರ ಜೂನ್ 1ರಂದು ಶಾಲೆಗಳು ಟೆಲಿವಿಷನ್ನಿಗೂ ಇಂಟರ್‌ನೆಟ್ಟಿಗೂ ಸ್ಥಳಾಂತರಗೊಂಡಾಗ ಮೊದಲು ಹಿಂದುಳಿದವರು ಇಂತಹ ಹಾಡಿಗಳ ಮಕ್ಕಳು. ಇಂಟರ್‌ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿಯೇ ತೀರ್ಪಿತ್ತಿರುವುದು. ಪಂಚಾಯತಿನ ಗ್ರಾಮಸಭೆಗೆ ಹೋದಾಗ ನಮ್ಮ ಮನೆಯ ಕೇಬಲಿನೊಡನೆ ಆ ಮಕ್ಕಳ ಡಿಶ್ಶನ್ನೂ ಕೇಳುವುದು ನಮ್ಮ ಕರ್ತವ್ಯವಾಗಿದೆ.

ಹಲಸಿನ ಮರದ ಬುಡದಿಂದ ಮನೆಯ ಒಳಕೋಣೆಗೆ ದೂರ ಹೆಚ್ಚೇನೂ ಇಲ್ಲ. ಸೊಸೆಯು ಅತ್ತೆಯ ಬಳಿ ಕುಳಿತು ಕೆಲಸಮಾಡುವಂತಾದರೆ, ಆ ಸುದ್ದಿಯನ್ನು ನಮಗೆ ತಪ್ಪದೆ ಬರೆಯಿರಿ.