ಸುರಂಗಾ ತೋಡೋದಾದ್ರ ರೈಲಿಗೆ ತೋಡ್ರಿ

ಮೊನ್ನೆ ವೈನಿ ಫೋನಿನ್ಯಾಗ, "ಭೂಮಿ ಹೊಟ್ಟಿ ಬಗದು ರೈಲು ಯಾಕ ಬೇಕಾಗಿತ್ತ ನಿಮ್ಮ ಬೆಂಗಳೂರಿಗೆ? ನಿಮ್ಮ ಮನಿ ಗ್ವಾಡಿ ಸೀಳಿದ್ದು ಸಾಲದೇನು?" ಅಂದ್ರು. ಫೋನಿನ್ಯಾಗ ಜಗಳಾ ಬ್ಯಾಡಂತ ಸುಮ್ಮನಾದೆ. ಇಲ್ಲೆ ಬರೀತೀನಿ, ಓದ್ಲಿ.

ಗ್ವಾಡಿ ಸೀಳಿದ್ದು ಖರೆ. ಮಷಿನ್ ನಮ್ಮ ಓಣಿ ಹತ್ತರ ಹಾದು ಹೋಗೋ ಮುಂದ ಅಡಗಿ ಮನಿ ಡಬ್ಬಿ ಎಲ್ಲಾ ಗಡಗಡ ಅಂದ್ವು. ಒಲಿ ಹಿಂದಿನ ಗ್ವಾಡಿಗೆ ಬಿರುಕು ಬಿತ್ತು. ಯಾರೋ ಬಂದು ಅಳತಿ ಪಟ್ಟಿ ಅಂಟಿಸಿ ಹೋದ್ರು. ಗಿಲಾವ್ ಮಾಡಿಸಿಕೊಡ್ರಿ ಅಂತ ನಾಕು ಸರ್ತಿ ಅಡ್ಡಾಡೀನಿ, ಆ ಸಿಟ್ಟು ಇನ್ನೂ ಅದ. ಡೇರಿ ಸರ್ಕಲ್‌ನಿಂದ ನಾಗವಾರದ ತನಕಾ 13.76 ಕಿಲೋಮೀಟರ್, ಒಂಬತ್ತು ಮಷಿನ್. ವರದಾ, ತುಂಗಾ, ಭದ್ರಾ ಅಂತ ನಮ್ಮ ಕಡೆ ಹೊಳಿ ಹೆಸರು ಬ್ಯಾರೆ! 2024ರ ಅಕ್ಟೋಬರ್ 30ಕ್ಕ ಭದ್ರಾ ನಾಗವಾರದಾಗ ಹೊರಗ ಬಂದ ಮ್ಯಾಲೆ ತೋಡೋದು ಮುಗೀತು.

ಆದ್ರೂ ವೈನಿ, ನಾ ರೈಲಿನ ಕಡೀನ. ಟ್ಯಾನರಿ ರೋಡ್ ನೀವು ನೋಡೀರಿ, ಎರಡು ಬಸ್ಸು ಎದುರಾದ್ರ ಮುಗೀತು. ಅಲ್ಲೆ ಕಂಬಾ ನಿಲ್ಲಸಬೇಕಂದ್ರ ಎಷ್ಟು ಮಂದಿ ಮನಿ, ಅಂಗಡಿ ಕೆಡವಬೇಕಾಗ್ತಿತ್ತು? ನಮಗ ಒಂದು ಬಿರುಕಿನ್ಯಾಗ ಹೋತು. 2023ರ ಜೂನ್‌ನಿಂದ ನಮಗ ಬಸ್ಸು ಪುಕ್ಕಟ ಅದ, ಒಪ್ಪಿದೆ. ನಮ್ಮನಿ ಕೆಲಸದಾಕಿ ದಿನಾ ಅದ ಬಸ್ಸಿನ್ಯಾಗ ಜಾಮ್‌ನಾಗ ಕೂತು, ಮಗಳು ಸಾಲಿಯಿಂದ ಬಂದು ಬಾಗಲಾ ಮುಂದ ಕಾಯೋ ಹೊತ್ತಿಗೂ ಮನಿ ಮುಟ್ಟಂಗಿಲ್ಲ. ಟಿಕೀಟಿನ ರೊಕ್ಕಾ ಉಳೀತು, ಹೊತ್ತು ಯಾರು ಕೊಡ್ತಾರ?

ನನ್ನ ಜಗಳಾ ಬ್ಯಾರೆದವರ ಜೋಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ತನಕಾ ಕಾರಿಗೆ ಸುರಂಗಾ ತೋಡೋ ಯೋಜನಾ ಹಾಕ್ಯಾರಲ್ಲ, ಅವರ ಜೋಡಿ. ಅದರಾಗ ಸ್ಕೂಟರ್, ಆಟೋ ಬಿಡಂಗಿಲ್ಲಂತ. ಅಂದ್ರ ಸ್ಕೂಟಿ ಮ್ಯಾಲೆ ಹೋಗೋ ನಾವು, ಕೆಲಸಕ್ಕ ಹೋಗೋ ಆಕಿ, ಎಲ್ಲಾರೂ ಮ್ಯಾಲಿನ ಧೂಳಿನ್ಯಾಗ. ಇನ್ನೊಬ್ಬರ ಗ್ವಾಡಿ ನಡಗಿಸೋದ ಇದ್ರ, ಸಾವಿರ ಮಂದಿ ಕೂಡಿ ಹೋಗೋ ಗಾಡಿಗೆ ನಡಗಸ್ರಿ. ಒಬ್ಬಾಂವ ಎ.ಸಿ. ಹಾಕ್ಕೊಂಡು ಕೂತ ಕಾರಿಗೆ ಯಾಕ?

ಮೆಟ್ರೋದವರೂ ಸಾಚಾ ಅಂತ ನಾ ಅನ್ನಂಗಿಲ್ಲ. 2025ರ ಫೆಬ್ರವರಿಯೊಳಗ ದೊಡ್ಡ ಟಿಕೀಟು 60ರಿಂದ 90 ರೂಪಾಯಿ ಮಾಡಿದ್ರು. ಹೋಗಿ ಬರೋದಕ್ಕ 180 ಕೊಟ್ಟು ಯಾವ ಕೆಲಸದಾಕಿ ಹತ್ತಬೇಕು? ನಾಗವಾರದ ರೈಲಿಗೂ ಅದ ದರಾ ಇಟ್ರ, ಗ್ವಾಡಿ ಸೀಳಿಸಿಕೊಂಡ ನಾವ ಅದಕ್ಕ ಹತ್ತಲಾರದವರು ಆಗ್ತೀವಿ. ಜಗಳಾ ಆಡೋದಿದ್ರ ಅದಕ್ಕ ಆಡೋಣು ಬರ್ರಿ ವೈನಿ. ಬಂದಾಗ ಒಲಿ ಹಿಂದಿನ ಗಿಲಾವ್‌ನೂ ತೋರಸ್ತೀನಿ, ಬಣ್ಣಾ ಇನ್ನೂ ಹಚ್ಚಿಸಿಲ್ಲ.