ಯುಪಿಎಸ್ ನೌಕರ ಕಡಿತ: ಲೆಕ್ಕಕ್ಕೆ ಬಾರದ ಒಂದು ಬಾಬ್ತು

ಅಮೆರಿಕದ ಬೃಹತ್ ಪಾರ್ಸೆಲ್ ಬಟವಾಡೆ ಸಂಸ್ಥೆಯಾದ ಯುನೈಟೆಡ್ ಪಾರ್ಸೆಲ್ ಸರ್ವಿಸ್, ಅಂದರೆ ಯುಪಿಎಸ್, 2025ರ ಏಪ್ರಿಲ್‌ನಲ್ಲಿ ಸುಮಾರು 20,000 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಅಕ್ಟೋಬರ್ ವೇಳೆಗೆ ಕಾರ್ಯಾಚರಣೆ ವಿಭಾಗದ ಕಡಿತವೇ 34,000ಕ್ಕೆ ಏರಿತ್ತು. ಆಡಳಿತ ವರ್ಗದ 14,000 ಹುದ್ದೆಗಳೂ ಸೇರಿ ಒಟ್ಟು 48,000. ಮುಚ್ಚಿದ ಕಟ್ಟಡಗಳು 93. ಈ ಅಂಕಿಗಳು ಹೊರಬಿದ್ದ ದಿನ ಸಂಸ್ಥೆಯ ಷೇರು ಬೆಲೆ ಏರಿತು. 2026ರ ಜನವರಿಯಲ್ಲಿ ಇನ್ನೂ 30,000ದವರೆಗಿನ ಕಡಿತದ ಘೋಷಣೆಯಾಯಿತು.

ಕಾರಣ ಸ್ಪಷ್ಟವಾಗಿದೆ. 2024ರಲ್ಲಿ ಸಂಸ್ಥೆಯ ವರಮಾನ ಸುಮಾರು 9,110 ಕೋಟಿ ಡಾಲರ್, ಅದರಲ್ಲಿ ಶೇ. 11.8ರಷ್ಟು ಅಮೆಜಾನ್ ಒಂದರಿಂದಲೇ ಬರುತ್ತಿತ್ತು. ಆದರೆ ಆ ವ್ಯವಹಾರದಲ್ಲಿ ಲಾಭಾಂಶ ಕಡಿಮೆ. ಆದುದರಿಂದ ಅಮೆಜಾನ್ ಪಾರ್ಸೆಲ್‌ಗಳ ಪ್ರಮಾಣವನ್ನು 2026ರ ಉತ್ತರಾರ್ಧದೊಳಗೆ ಅರ್ಧಕ್ಕಿಂತಲೂ ಕೆಳಗಿಳಿಸಲು 2025ರ ಜನವರಿಯಲ್ಲೇ ನಿರ್ಧರಿಸಲಾಯಿತು. ಈ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ಅತಿ ದೊಡ್ಡ ಗ್ರಾಹಕನೇ ಅತಿ ಲಾಭದಾಯಕ ಗ್ರಾಹಕನಲ್ಲವೆಂಬುದು ನಮ್ಮ ಸದಸ್ಯರಲ್ಲಿ ಅನೇಕರಿಗೆ ಮಾರ್ಚ್ ತಿಂಗಳ ಕೊನೆಯಲ್ಲಿ ಲೆಕ್ಕ ಕೂಡಿಸುವಾಗ ಮನವರಿಕೆಯಾಗಿರುವ ಸಂಗತಿಯೇ. ಪಾರ್ಸೆಲ್ ಕಡಿಮೆಯಾದರೆ ವಿಂಗಡಣಾ ಕೇಂದ್ರವೂ ಕೈಗಳೂ ಕಡಿಮೆ ಸಾಕು. ನನ್ನ ಆಕ್ಷೇಪ ಇರುವುದು ಕಡಿತವನ್ನು ನಡೆಸಿದ ರೀತಿಯ ಬಗೆಗೆ.

2025ರ ಜುಲೈನಲ್ಲಿ ಸಂಸ್ಥೆಯು ತನ್ನ ಪೂರ್ಣಾವಧಿ ಚಾಲಕರ ಮುಂದೆ ಸ್ವಯಂ ನಿವೃತ್ತಿ ಯೋಜನೆಯೊಂದನ್ನು ಇರಿಸಿತು. ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ 1,800 ಡಾಲರ್. ಕನಿಷ್ಠ ಮೊತ್ತ 10,000 ಡಾಲರ್. ಗಳಿಸಿದ ಪಿಂಚಣಿ ಇದರಿಂದ ಪ್ರತ್ಯೇಕ. ಹೊರನೋಟಕ್ಕೆ ಉದಾರವಾಗಿಯೇ ಕಾಣುತ್ತದೆ. ಆದರೆ 2023ರ ವೇತನ ಒಪ್ಪಂದದಂತೆ, ಅದರ ಅವಧಿ ಮುಗಿಯುವ ವೇಳೆಗೆ ಹಿರಿಯ ಚಾಲಕನ ಗಂಟೆಯ ದರ ಸರಾಸರಿ 49 ಡಾಲರ್ ಆಗಬೇಕು. ವಾರಕ್ಕೆ 40 ಗಂಟೆ ಎಂದರೆ 1,960 ಡಾಲರ್. ಅಂದಮೇಲೆ ಒಂದು ವರ್ಷದ ಸೇವೆಗೆ ಕಟ್ಟಿದ ಬೆಲೆ ಹೆಚ್ಚುಕಡಿಮೆ ಒಂದು ವಾರದ ಸಂಬಳ. 20 ವರ್ಷ ದುಡಿದವನಿಗೆ 36,000 ಡಾಲರ್, ಸುಮಾರು ನಾಲ್ಕೂಕಾಲು ತಿಂಗಳ ವೇತನ.

ನಮ್ಮಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿದ್ದ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದುಬಂದಿರುವ ನಿಯಮದಂತೆ, ಉದ್ಯೋಗದಾತನೇ ಕಾರ್ಮಿಕನನ್ನು ಕೆಲಸದಿಂದ ತೆಗೆದಾಗ ವರ್ಷವೊಂದಕ್ಕೆ 15 ದಿನಗಳ ವೇತನ ಕೊಡಬೇಕು. ಸ್ವಇಚ್ಛೆಯಿಂದ ಹೋಗೆಂದು ಕೇಳುವಾಗ ಅದಕ್ಕಿಂತ ಹೆಚ್ಚು ಕೊಡುವುದು ರೂಢಿ. 2000-01ರಲ್ಲಿ ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳ ಸ್ವಯಂ ನಿವೃತ್ತಿ ಯೋಜನೆಯು ವರ್ಷಕ್ಕೆ 60 ದಿನಗಳ ವೇತನವನ್ನೋ, ಉಳಿದ ಸೇವಾವಧಿಯ ವೇತನವನ್ನೋ, ಎರಡರಲ್ಲಿ ಕಡಿಮೆಯಾದುದನ್ನು ನೀಡಿತು. ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ಅದಾದ ಮೇಲೆ ಶಾಖಾ ಲೆಕ್ಕಪರಿಶೋಧನೆಗೆ ಹೋಗುತ್ತಿದ್ದ ನಮ್ಮಂಥವರಿಗೆ ಹಳೆಯ ಸಾಲದ ಕಡತಗಳ ಬಗ್ಗೆ ವಿವರಣೆ ಕೊಡಬಲ್ಲವರು ಎದುರು ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಹೊರಗೆ ಬೆಲೆಯುಳ್ಳವನೇ ಮೊದಲು ಹೊರಡುತ್ತಾನೆ. ಇದು ಎಲ್ಲ ಸ್ವಯಂ ನಿವೃತ್ತಿ ಯೋಜನೆಗಳ ಅಂತರ್ಗತ ದೋಷ.

ಯುಪಿಎಸ್ ನೌಕರರ ಮನೋಧರ್ಮವನ್ನು ತಿಳಿಯಬೇಕಾದರೆ ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1907ರಲ್ಲಿ ಸಿಯಾಟಲ್‌ನಲ್ಲಿ ಜಿಮ್ ಕೇಸಿ ಎಂಬ ತರುಣ ಆರಂಭಿಸಿದ ಈ ಸಂಸ್ಥೆಯಲ್ಲಿ ವ್ಯವಸ್ಥಾಪಕರೇ ಷೇರುದಾರರು. ಲಾರಿಗೆ ಪಾರ್ಸೆಲ್ ತುಂಬುತ್ತ ಸೇರಿದವನು ಮೇಲಿನ ಹುದ್ದೆಗೇರುವುದು ಅಲ್ಲಿಯ ಪದ್ಧತಿ. ಚಾಲಕರು ಮತ್ತು ವಿಂಗಡಣೆಗಾರರು ಟೀಮ್‌ಸ್ಟರ್ಸ್ ಸಂಘದ ಸದಸ್ಯರು. 1997ರ ಆಗಸ್ಟ್‌ನಲ್ಲಿ ಅವರಲ್ಲಿ 1,85,000 ಮಂದಿ 15 ದಿನ ಮುಷ್ಕರ ಹೂಡಿ, ಅರೆಕಾಲಿಕ ಕೆಲಸಗಳಿಂದ 10,000 ಪೂರ್ಣಾವಧಿ ಹುದ್ದೆಗಳನ್ನು ರೂಪಿಸುವ ಭರವಸೆಯನ್ನು ಪಡೆದರು. 1999ರ ನವೆಂಬರ್‌ನಲ್ಲಿ ಷೇರುಗಳು ಸಾರ್ವಜನಿಕ ಮಾರುಕಟ್ಟೆಗೆ ಬಂದವು. 2020ರಲ್ಲಿ ಮುಖ್ಯ ಕಾರ್ಯನಿರ್ವಾಹಕಿಯಾದ ಕ್ಯಾರಲ್ ಟೋಮೆ ಹೊರಗಿನಿಂದ ಆ ಹುದ್ದೆಗೆ ಬಂದವರಲ್ಲಿ ಮೊದಲಿಗರು; ಅದಕ್ಕೂ ಮುನ್ನ ಹೋಮ್ ಡಿಪೋದ ಹಣಕಾಸು ಮುಖ್ಯಸ್ಥೆ. (ನಮ್ಮ ವೃತ್ತಿಯವರು ಗದ್ದುಗೆಯೇರಿದಾಗ ಮೊದಲು ಕಣ್ಣಿಗೆ ಬೀಳುವುದು ಸಂಬಳದ ಬಾಬ್ತೇ ಎಂಬ ಅಪವಾದ ಹಳೆಯದು.) 2024ರ ಜನವರಿಯಲ್ಲಿ ಕತ್ತರಿ ಬಿದ್ದ 12,000 ಹುದ್ದೆಗಳಲ್ಲಿ ಹೆಚ್ಚಿನವು ಆಡಳಿತ ವರ್ಗದವು. ಸಂಸ್ಥೆ ತನ್ನದೆಂದು ಭಾವಿಸಿ ದುಡಿದ ವರ್ಗಕ್ಕೆ ಆಗ ಬಿದ್ದ ಪೆಟ್ಟು ಸಾಮಾನ್ಯವಾದುದಲ್ಲ.

ಚಾಲಕರ ಅಸಮಾಧಾನಕ್ಕೆ ಬೇರೆಯೇ ಆಧಾರವಿದೆ. 2023ರ ಒಪ್ಪಂದವು 7,500 ಹೊಸ ಪೂರ್ಣಾವಧಿ ಹುದ್ದೆಗಳನ್ನೂ, ಖಾಲಿಯಿದ್ದ 22,500 ಸ್ಥಾನಗಳ ಭರ್ತಿಯನ್ನೂ ವಾಗ್ದಾನ ಮಾಡಿತ್ತು. ಎರಡು ವರ್ಷಗಳೊಳಗೆ ನಿವೃತ್ತಿಯ ಆಮಿಷ ಬಂದಾಗ ಸಂಘವು ಅದನ್ನು ಒಪ್ಪಂದದ ಉಲ್ಲಂಘನೆಯೆಂದು ಕರೆಯಿತು. ಕಾನೂನಿನಲ್ಲಿ ಆ ವಾದ ನಿಲ್ಲುವುದೋ ಇಲ್ಲವೋ, ಕೈಹಾಕಿದ ಸಹಿಯ ಮೇಲಿನ ನಂಬಿಕೆಯಂತೂ ಸಡಿಲಗೊಂಡಿತು.

ಈ ಸಡಿಲಿಕೆಯನ್ನು ಯಾವ ಖಾತೆಗೆ ಖರ್ಚು ಬರೆಯುವುದು? ಕಡಿತದಿಂದಾಗುವ ಉಳಿತಾಯ 2025ರಲ್ಲಿ ಸುಮಾರು 350 ಕೋಟಿ ಡಾಲರ್ ಎಂದು ಸಂಸ್ಥೆಯು ಅಂದಾಜಿಸಿತ್ತು. ಅದು ಲಾಭ-ನಷ್ಟ ಖಾತೆಯಲ್ಲಿ ಎದ್ದು ಕಾಣುತ್ತದೆ. ಅನುಭವಿಗಳ ನಷ್ಟಕ್ಕೆ ಅಢಾವೆ ಪತ್ರಿಕೆಯಲ್ಲಿ ಸ್ಥಾನವಿಲ್ಲ. ಹಿಂದೆ ಬೆಂಗಳೂರಿನ ಇನ್ಫೋಸಿಸ್ ತನ್ನ ವಾರ್ಷಿಕ ವರದಿಯಲ್ಲಿ ಲೆವ್ ಮತ್ತು ಶ್ವಾರ್ಟ್ಸ್ ಮಾದರಿಯನ್ನು ಅನುಸರಿಸಿ ನೌಕರರ ಮೌಲ್ಯವನ್ನು ಪ್ರಕಟಿಸುತ್ತಿದ್ದುದು ಓದುಗರಿಗೆ ನೆನಪಿರಬಹುದು. ನೌಕರನ ಮುಂದಿನ ಗಳಿಕೆಯ ಇಂದಿನ ಬೆಲೆಯೇ ಆ ಮಾದರಿಯ ತಳಹದಿ. ಅದರ ಪ್ರಕಾರ ಗಂಟೆಗೆ 49 ಡಾಲರ್ ಪಡೆಯುವ ಚಾಲಕ ಸಂಸ್ಥೆಯ ಅತ್ಯಮೂಲ್ಯ ಆಸ್ತಿ. ಲಾಭ-ನಷ್ಟ ಖಾತೆಯ ಪ್ರಕಾರ ಅತಿ ಭಾರದ ವೆಚ್ಚ. ಮಾದರಿಯಲ್ಲಿ ದೋಷಗಳಿಲ್ಲದಿಲ್ಲ, ಆದರೂ ನಿರ್ದೇಶಕ ಮಂಡಳಿಯ ಮುಂದೆ ಎರಡೂ ಹಾಳೆಗಳಿದ್ದಿದ್ದರೆ ವರ್ಷಕ್ಕೆ ಒಂದು ವಾರ ಎಂಬ ಬೆಲೆಯನ್ನು ಯಾರಾದರೊಬ್ಬರು ಪ್ರಶ್ನಿಸುತ್ತಿದ್ದರೆಂದು ನನ್ನ ಭಾವನೆ.

2026ರ 30,000 ಹುದ್ದೆಗಳನ್ನು ಸಹಜ ನಿರ್ಗಮನದ ಮೂಲಕವೂ, ಚಾಲಕರಿಗೆ ಎರಡನೆಯ ಸ್ವಯಂ ನಿವೃತ್ತಿ ಯೋಜನೆಯ ಮೂಲಕವೂ ಇಳಿಸುವುದಾಗಿ ಸಂಸ್ಥೆಯು ತಿಳಿಸಿತು. ಟೀಮ್‌ಸ್ಟರ್ಸ್ ಜೊತೆಗಿನ ಒಪ್ಪಂದದ ಅವಧಿ 2028ರ ಜುಲೈ 31ಕ್ಕೆ ಮುಗಿಯುತ್ತದೆ. ಆಗ ಮೇಜಿನ ಆಚೆ ಕುಳಿತುಕೊಳ್ಳುವವರು ಈ ಯೋಜನೆಗಳನ್ನು ಒಲ್ಲೆನೆಂದು ಉಳಿದ ಚಾಲಕರ ಪ್ರತಿನಿಧಿಗಳು.